ಬಾಲವನ: ಕಾದಂಬರಿಕಾರನ ಮನೆಯಲ್ಲಿ ಕಲೆಗಾರನ ಹುಡುಕಾಟ

ಹಳೆಯ ಮನೆಯೊಳಗೆ ಆಧುನಿಕ ಕಲೆ ನೋಡಬೇಕೆನ್ನುವವರು ಬೆಂಗಳೂರಿನ ಮಾಣಿಕ್ಯವೇಲು ಮಹಲಿಗೆ ಹೋಗುತ್ತಾರೆ. ಗಣಿ ಧಣಿಯೊಬ್ಬರ ಆ ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಪುತ್ತೂರು ಪರ್ಲಡ್ಕದ ಬಾಲವನಕ್ಕೆ ಆ ಠೀವಿಯಿಲ್ಲ. ಇದು ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬಾಳಿದ ಜಾಗ. ಇಲ್ಲಿ ಕಾಣಬೇಕಾದದ್ದು ಗೋಡೆಗೆ ತೂಗುಹಾಕಿದ ಚಿತ್ರಕ್ಕಿಂತ ಹೆಚ್ಚಾಗಿ ಕೆಲಸ ನಡೆದ ನೆಲ.

ಮನೆ, ನಾಟ್ಯಶಾಲೆ, ಗ್ರಂಥಾಲಯ, ಜೊತೆಗೊಂದು ಈಜುಕೊಳ. ಬೇಸಿಗೆ ರಜೆಯಲ್ಲಿ ಮಕ್ಕಳ ಗಲಾಟೆಯೆಲ್ಲ ಈಜುಕೊಳದ ಕಡೆಗೇ. ಮಕ್ಕಳಿಗೆ 'ಬಾಲಪ್ರಪಂಚ' ಬರೆದುಕೊಟ್ಟ ಕಾರಂತಜ್ಜ ಅದಕ್ಕೆ ಮುಖ ಸಿಂಡರಿಸುತ್ತಿದ್ದರೆಂದು ನನಗನ್ನಿಸುವುದಿಲ್ಲ. 1930ರ ದಶಕದಲ್ಲಿ ಈ ಜಾಗ ಹುಟ್ಟಿಕೊಂಡದ್ದೇ ಮಕ್ಕಳ ಶಿಕ್ಷಣದ ಪ್ರಯೋಗಕ್ಕಾಗಿ.

'ಚೋಮನ ದುಡಿ' (1933), 'ಬೆಟ್ಟದ ಜೀವ' (1943), 'ಮೂಕಜ್ಜಿಯ ಕನಸುಗಳು' (1968) ಎಲ್ಲ ಪುತ್ತೂರು ವಾಸದ ಕಾಲದವು. ಹಾಗಾಗಿ ಬಂದವರು ಕಾದಂಬರಿಕಾರನನ್ನಷ್ಟೇ ಕಂಡು ಹಿಂದಿರುಗುತ್ತಾರೆ. ಕಾರಂತರ ಕಣ್ಣು ಎಂಥದೆಂದು ತಿಳಿಯಬೇಕಾದರೆ ಉಳಿದ ಕಸುಬುಗಳ ಕಡೆ ಹೊರಳಬೇಕು. ಅವರು 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ತೆಗೆದರು. ಭಾರತೀಯ ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದರು, ತಾವೂ ಕುಂಚ ಹಿಡಿದರು. ಮುದ್ರಣವನ್ನೂ ಬಿಡಲಿಲ್ಲ, ಪುತ್ತೂರಿನ ಹರ್ಷ ಮುದ್ರಣಾಲಯ ಅವರದೇ. ಆಗ ಪುಸ್ತಕವೆಂದರೆ ಒಂದೊಂದೇ ಅಚ್ಚುಮೊಳೆ ಹೆಕ್ಕಿ ಸಾಲು ಕಟ್ಟುವ ಕೆಲಸ. ಚಿತ್ರ ಬೇಕಿದ್ದರೆ ಬ್ಲಾಕು ಮಾಡಿಸಿ ಪುಟದ ನಡುವೆ ಕೂರಿಸಬೇಕು, ಎತ್ತರ ಕೂದಲೆಳೆಯಷ್ಟು ತಪ್ಪಿದರೂ ಒಂದು ಕಡೆ ಮಸಿ, ಇನ್ನೊಂದು ಕಡೆ ಬಿಳಿ.

ನಾಟ್ಯಶಾಲೆಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಿ. ಕಾರಂತರು ಸ್ವತಃ ಹೆಜ್ಜೆ ಹಾಕಿದವರು. 1936ರಲ್ಲಿ ಅವರ ಕೈಹಿಡಿದ ಲೀಲಾ ಅವರೂ ಕುಣಿಯುತ್ತಿದ್ದರು. ಯಕ್ಷಗಾನದ ವಿಷಯದಲ್ಲೊಂದು ತಮಾಷೆ: ಪುತ್ತೂರು, ಸುಳ್ಯ, ಕಡಬ ಅಪ್ಪಟ ತೆಂಕುತಿಟ್ಟಿನ ಸೀಮೆ. ಇಲ್ಲಿ ಬಣ್ಣದ ವೇಷವೆಂದರೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂರುವುದು. ಕೋಟದಲ್ಲಿ ಹುಟ್ಟಿದ ಕಾರಂತರ ಒಲವು ಮಾತ್ರ ಬಡಗುತಿಟ್ಟಿನ ಕಡೆಗೆ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರ ಯಾವ ಕಾದಂಬರಿಗೂ ಅಲ್ಲ, 'ಯಕ್ಷಗಾನ ಬಯಲಾಟ'ಕ್ಕೆ. ಮಾತು ತಗ್ಗಿಸಿ, ಪಿಟೀಲು, ಸ್ಯಾಕ್ಸೊಫೋನು ಸೇರಿಸಿ ಅವರು ಕಟ್ಟಿದ ಯಕ್ಷಗಾನ ಬ್ಯಾಲೆಯನ್ನು ಒಪ್ಪದವರು ನಮ್ಮಲ್ಲಿ ಈಗಲೂ ಇದ್ದಾರೆ. ಅರ್ಥಗಾರಿಕೆಯಿಲ್ಲದ ಆಟ ನನಗೂ ಸಪ್ಪೆಯೇ. ಆದರೆ ವೇಷ, ಬಣ್ಣ, ಚಲನೆಗಳನ್ನು ಚಿತ್ರದಂತೆ ನೋಡಿ ಅವನ್ನು ಬರಹಕ್ಕಿಳಿಸಿದ ಕೆಲಸಕ್ಕೆ ತಲೆಬಾಗಲೇಬೇಕು.

1970ರ ದಶಕದಲ್ಲಿ ಕಾರಂತರು ಸಾಲಿಗ್ರಾಮಕ್ಕೆ ಹೋದರು. 1977ರ ಜ್ಞಾನಪೀಠ ಬಂದದ್ದು ಆಮೇಲೆ. ಬಾಲವನ ಈಗ ಸರ್ಕಾರದ ಸುಪರ್ದಿಯಲ್ಲಿದೆ. ಇಲ್ಲಿ ಬೆಳೆದ ಮಗ ಉಲ್ಲಾಸ ಕಾರಂತರು ಹುಲಿಗಳ ವಿಜ್ಞಾನಿಯಾಗಿ ಜಗತ್ತಿಗೇ ಪರಿಚಿತರು.

ಈ ಜಾಗ ಬರಿಯ ಸ್ಮಾರಕವಾಗಿ ಉಳಿಯಬಾರದು. ಮೊಳೆ ಜೋಡಿಸುವುದು, ಚುಟ್ಟಿ ಇಡುವುದು ಹೇಗೆಂದು ಶಾಲೆಯ ಮಕ್ಕಳು ಇಲ್ಲಿ ಕೈಯಾರೆ ಮಾಡಿ ಕಲಿಯುವಂತಾದರೆ ಬಾಲವನ ಮತ್ತೆ ಬಾಲವನವಾದೀತು. ಸುಬ್ರಹ್ಮಣ್ಯಕ್ಕೆ ಹೊರಟವರು ಪುತ್ತೂರಿನಲ್ಲಿ ಕಾಫಿಗೆ ಇಳಿಯುತ್ತೀರಲ್ಲ, ಹಾಗೆಯೇ ಪರ್ಲಡ್ಕಕ್ಕೂ ಹೋಗಿಬನ್ನಿ. 'ಬೆಟ್ಟದ ಜೀವ' ಚೀಲದಲ್ಲಿರಲಿ. ಅದರ ಗೋಪಾಲಯ್ಯ, ಶಂಕರಮ್ಮ ಬದುಕಿದ ಕಾಡು ನಿಮ್ಮ ಮುಂದಿನ ದಾರಿಯಲ್ಲೇ ಇದೆ.