ಹುಣಸೆಬೀಜದ ಗಣಿತ, ಗರಗಸದ ಅಕ್ಷರ

ಹತ್ತು ಹುಣಸೆಬೀಜಗಳು. ಪ್ರತಿ ಬೀಜದ ಒಂದು ಬದಿಯನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದ್ದಾರೆ. ಇನ್ನೊಂದು ಬದಿಯಲ್ಲಿ ಅದರ ಸಹಜವಾದ ಕಂದು ಹೊಳಪು ಹಾಗೆಯೇ ಉಳಿದಿದೆ. ಒಂದನೇ ತರಗತಿಯ ಪುಟ್ಟ ಹುಡುಗಿ ಅವನ್ನು ಎರಡೂ ಅಂಗೈಗಳ ನಡುವೆ ಕುಲುಕಿ ನೆಲಕ್ಕೆ ಚೆಲ್ಲುತ್ತಾಳೆ. ಬಿಳಿ ಆರು, ಕಂದು ನಾಲ್ಕು. ಬಾಚಿಕೊಂಡು ಮತ್ತೆ ಚೆಲ್ಲುತ್ತಾಳೆ. ಬಿಳಿ ಏಳು, ಕಂದು ಮೂರು. ಹೀಗೆ ಹತ್ತಾರು ಬಾರಿ ಚೆಲ್ಲಿದ ಮೇಲೆ ಒಂದು ವಿಸ್ಮಯ ಘಟಿಸುತ್ತದೆ: ಆಕೆ ಕಂದು ಬೀಜಗಳನ್ನು ಎಣಿಸುವುದನ್ನೇ ಬಿಟ್ಟುಬಿಡುತ್ತಾಳೆ. ಬಿಳಿ ಎಂಟು ಎಂದು ಕಂಡ ಕೂಡಲೇ ‘ಕಂದು ಎರಡು’ ಎನ್ನುತ್ತಾಳೆ, ನೆಲದತ್ತ ಮತ್ತೆ ನೋಡದೆಯೇ. ಬೆರಳ ತುದಿಯಲ್ಲಿದ್ದ ಸಂಖ್ಯೆ ಬುದ್ಧಿಗೆ ಏರಿದ ಕ್ಷಣ ಅದು. ಕೂಡುವುದು, ಕಳೆಯುವುದು ಎಂಬ ಎರಡು ಕ್ರಿಯೆಗಳು ಒಂದೇ ವಸ್ತುವಿನ ಎರಡು ಮುಖಗಳೆಂಬ ಗಹನವಾದ ಸತ್ಯವನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಹುಣಸೆಬೀಜ ಹೇಳಿಕೊಟ್ಟಿರುತ್ತದೆ.

ಈ ಬೀಜಕ್ಕೆ ತುಮಕೂರು ಸೀಮೆಯಲ್ಲಿ ಬರವಿಲ್ಲ. ತುಮಕೂರಿನ ಎಪಿಎಂಸಿ ಪ್ರಾಂಗಣ ಹುಣಸೆಯ ವಹಿವಾಟಿಗೆ ಹೆಸರಾದದ್ದು. ಗುಬ್ಬಿ, ಕುಣಿಗಲ್‌ಗಳ ಹಳ್ಳಿಗಳಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕಾಲ ಬಂದರೆ ಅಂಗಳದ ತುಂಬ ಬೀಜವೇ. ತೇಯ್ದ ಬೀಜ ಚೌಕಾಬಾರದಲ್ಲಿ ಕವಡೆಯ ಸ್ಥಾನ ಪಡೆಯುತ್ತದೆ. ತೇಯದ ಬೀಜ ಅಳಗುಳಿಮಣೆಯ ಹದಿನಾಲ್ಕು ಗುಳಿಗಳನ್ನು ತುಂಬುತ್ತದೆ. ಗುಳಿಯಿಂದ ಗುಳಿಗೆ ಒಂದೊಂದೇ ಬೀಜ ಬಿಡುತ್ತ ಹೋಗುವ ಅಜ್ಜಿ, ತನ್ನ ಕೈಯ ಬೀಜ ಯಾವ ಗುಳಿಯಲ್ಲಿ ಮುಗಿಯುತ್ತದೆಂದು ಮೊದಲೇ ಬಲ್ಲಳು. ಶಾಲೆಯ ಮುಖವನ್ನೇ ಕಾಣದ ಎಷ್ಟೋ ಅಜ್ಜಿಯರ ಮನೋಗಣಿತ ಇಂಥ ಮಣೆಗಳ ಮೇಲೆ ಪಳಗಿದ್ದು. ಇಂದಿನ ಒಂದನೇ ತರಗತಿಯ ಗಣಿತ ಮತ್ತೆ ಆ ಅಂಗಳಕ್ಕೆ ಇಳಿದಿರುವುದು ನಮ್ಮ ಕಾಲದ ಸಂತಸದ ಸಂಗತಿಗಳಲ್ಲೊಂದು.

ಬೀಜದ ನಂತರ ಕಡ್ಡಿಯ ಸರದಿ. ತೆಂಗಿನ ಗರಿಯಿಂದ ಸೀಳಿದ ಹತ್ತು ಕಡ್ಡಿಗಳನ್ನು ರಬ್ಬರ್ ಬ್ಯಾಂಡ್‌ನಲ್ಲಿ ಸುತ್ತಿದರೆ ಒಂದು ಕಟ್ಟು. ಎರಡು ಕಟ್ಟು, ಮೂರು ಬಿಡಿ ಎಂದರೆ ಇಪ್ಪತ್ತಮೂರು. ಇಲ್ಲಿ ಕನ್ನಡ ಭಾಷೆಯೇ ಉಪಾಧ್ಯಾಯನ ಬೆನ್ನಿಗೆ ನಿಲ್ಲುವ ಪರಿ ಮನೋಹರವಾದದ್ದು. ಹತ್ತಕ್ಕೆ ಹಳಗನ್ನಡದಲ್ಲಿ ‘ಪತ್ತು’. ಎರಡು ಪತ್ತು ಇಪ್ಪತ್ತು, ಮೂರು ಪತ್ತು ಮೂವತ್ತು, ಐದು ಪತ್ತು ಐವತ್ತು. ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಬಿಡಿಗಳು ಕಟ್ಟಿನ ಹಿಂದೆಯೇ ಶಿಸ್ತಾಗಿ ಬಂದು ನಿಲ್ಲುತ್ತವೆ. ಹಿಂದಿ ಮಾತಾಡುವ ಮಗು ನೂರರವರೆಗಿನ ಬಹುಪಾಲು ಸಂಖ್ಯಾಪದಗಳನ್ನು ಬೇರೆಬೇರೆಯಾಗಿ ನೆನಪಿಡಬೇಕು. ಇಂಗ್ಲಿಷಿನ ಮಗು ಹನ್ನೊಂದು, ಹನ್ನೆರಡರ ಬಳಿ ತಡವರಿಸುತ್ತದೆ. ಕನ್ನಡದ ಮಗುವಿಗೆ ಹನ್ನೊಂದರೊಳಗೆ ಹತ್ತೂ ಒಂದೂ, ಹನ್ನೆರಡರೊಳಗೆ ಹತ್ತೂ ಎರಡೂ ಕೇಳಿಸುತ್ತವೆ. ತೊಂಬತ್ತು ಮಾತ್ರ ತುಸು ದಾರಿ ತಪ್ಪಿಸುತ್ತದೆ, ನಿಜ. ಆದರೆ ಸ್ಥಾನಬೆಲೆಯ ಮೊದಲ ಪಾಠ ನಮ್ಮ ನಾಲಿಗೆಯ ಮೇಲೇ ಇದೆ. ಕಡ್ಡಿಯ ಕಟ್ಟು ಅದನ್ನು ಕಣ್ಣಿಗೆ ಕಾಣಿಸುತ್ತದೆ, ಅಷ್ಟೆ.

ನುಡಿ ಮತ್ತು ಎಣಿಕೆಗಳ ಈ ಸಖ್ಯಕ್ಕೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಿಗೂ ಮೀರಿದ ವಂಶಾವಳಿಯಿದೆ. ಕ್ರಿ.ಶ. 850ರ ಆಸುಪಾಸಿನಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಎರಡು ಮಹಾಗ್ರಂಥಗಳು ಮೂಡಿದವು. ಒಂದು, ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಕೃತಿಯಾದ ‘ಕವಿರಾಜಮಾರ್ಗ’. ಇನ್ನೊಂದು, ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಒಂದೇ ರಾಜನ ಕಾಲದಲ್ಲಿ ನುಡಿಗೂ ಗಣಿತಕ್ಕೂ ಶಾಸ್ತ್ರ ದೊರೆತದ್ದು ಎಂಥ ಸುಯೋಗ! ಮುಂದೆ 12ನೇ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ ಬರೆದು ‘ವ್ಯವಹಾರಗಣಿತ’ವನ್ನು ಕೊಟ್ಟ, 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಧ್ವನಿಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಊರೂರಿನ ಕೂಲಿಮಠಗಳಲ್ಲಿ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದರು. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ರಾಗವಾಗಿ ಒಪ್ಪಿಸಿದರು. ಆ ಶಿಕ್ಷಣದಲ್ಲಿ ಬೆತ್ತದ ಪಾಲು ದೊಡ್ಡದಿತ್ತೆಂಬುದನ್ನು ಮುಚ್ಚಿಡಬೇಕಿಲ್ಲ. ಆದರೂ ಬೆರಳು ಮರಳನ್ನು ಮುಟ್ಟುತ್ತಿತ್ತು. 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸೊರಿ, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿದ್ದೂ ಇದೇ ತತ್ತ್ವದ ಮೇಲೆ. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು: ಮೊದಲು ಕೈ, ಆಮೇಲೆ ಚಿತ್ರ, ಕೊನೆಗೆ ಸಂಕೇತ.

ಕರ್ನಾಟಕದ ಸರ್ಕಾರಿ ಶಾಲೆಗೆ ಈ ತತ್ತ್ವ ಬಂದ ಕಥೆಗೆ ‘ನಲಿ-ಕಲಿ’ ಎಂಬ ಸುಂದರ ಹೆಸರಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ಇದನ್ನು ಕಟ್ಟಿದರು. ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ರೂಪಿಸಿದ್ದ ಕಾರ್ಡು ಪದ್ಧತಿಯನ್ನು ಅವರು ಕಣ್ಣಾರೆ ಕಂಡುಬಂದಿದ್ದರು. ಕಂಡದ್ದನ್ನು ನಕಲು ಮಾಡದೆ ಕನ್ನಡದ ಮಕ್ಕಳಿಗೆ ಹೊಂದುವಂತೆ ಹಾಡು, ಕಥೆ, ಆಟಗಳನ್ನು ತಾವೇ ಹೆಣೆದರು. ವಿಧಾನಸೌಧದ ಆದೇಶದಿಂದಲ್ಲ, ತರಗತಿಯ ನೆಲದಿಂದ ಮೇಲೆದ್ದ ಸುಧಾರಣೆ ಇದು. ಅದರ ಘನತೆಯಿರುವುದೇ ಅಲ್ಲಿ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ, ಬಳಿಕ ಮೂರನೇ ತರಗತಿಗೂ ಅದು ವಿಸ್ತರಿಸಿತು. ಗುಬ್ಬಿ, ಕುಣಿಗಲ್‌ಗಳ ಹಳ್ಳಿ ಶಾಲೆಗಳ ಬಾಗಿಲಿಗೂ ಬಂತು.

ನಲಿ-ಕಲಿ ಕೊಠಡಿಯನ್ನು ಮೊದಲ ಬಾರಿ ಹೊಕ್ಕವರಿಗೆ ಬೆಂಚುಗಳೇ ಕಾಣುವುದಿಲ್ಲ. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳ ಚಪ್ಪರ, ಅದರಿಂದ ತೂಗುವ ಮಕ್ಕಳ ಚಿತ್ರಗಳು. ಗೋಡೆಯ ಬುಡದಲ್ಲಿ, ಆರು ವರ್ಷದ ಕೈಗೆ ಎಟಕುವ ಎತ್ತರದಲ್ಲಿ, ಸುತ್ತಲೂ ಕಪ್ಪು ಹಲಗೆ. ಪ್ರತಿ ಮಗುವಿಗೂ ಅದರಲ್ಲಿ ತನ್ನದೊಂದು ತುಂಡು. ನೆಲದ ಮೇಲೆ ಐದು ಗುಂಪುಗಳು. ಪೂರ್ತಿ ಶಿಕ್ಷಕರ ನೆರವಿನಲ್ಲಿ ಕಲಿಯುವವರಿಂದ ಆರಂಭಿಸಿ, ಗೆಳೆಯರ ನೆರವು ಪಡೆಯುವವರನ್ನು ಹಾದು, ತಾನೇ ಕಲಿಯುವವರತನಕ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮಗು ತನ್ನ ಮೈಲಿಗಲ್ಲನ್ನು ತಾನೇ ಹುಡುಕಿ, ಅದರ ಗುರುತಿನ ಚಿತ್ರವಿರುವ ಕಾರ್ಡನ್ನು ತಟ್ಟೆಯಿಂದ ಆಯ್ದು ತರುತ್ತದೆ. ಜ್ವರ ಬಂದು ಹದಿನೈದು ದಿನ ಶಾಲೆ ತಪ್ಪಿದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಏಣಿ ಹತ್ತುತ್ತದೆ. ‘ಪಾಠ ಮುಂದೆ ಹೋಯಿತು, ನೀನು ಹಿಂದೆ ಉಳಿದೆ’ ಎಂಬ ಮಾತಿಗೆ ಈ ಕೊಠಡಿಯಲ್ಲಿ ಜಾಗವಿಲ್ಲ.

ಅಕ್ಷರ ಕಲಿಸುವ ಕ್ರಮದಲ್ಲಿ ನಲಿ-ಕಲಿ ತೋರಿದ ದಿಟ್ಟತನ ಇನ್ನೂ ದೊಡ್ಡದು. ನಮ್ಮ ವರ್ಣಮಾಲೆ ಗಂಟಲಿನಿಂದ ತುಟಿಯವರೆಗೆ ಉಚ್ಚಾರಣಾ ಸ್ಥಾನಗಳನ್ನು ಅನುಸರಿಸಿ ಜೋಡಿಸಿದ ಅದ್ಭುತ ವ್ಯವಸ್ಥೆ. ಆದರೆ ಶಾಸ್ತ್ರದ ಕ್ರಮ ಬೇರೆ, ಮಗುವಿನ ಕ್ರಮ ಬೇರೆ. ಅ, ಆ, ಇ, ಈ ಎಂದು ಸ್ವರಗಳನ್ನೆಲ್ಲ ಮುಗಿಸುವವರೆಗೆ ಓದಲು ಒಂದು ಒಳ್ಳೆಯ ಪದವೂ ಸಿಗದು. ಆದ್ದರಿಂದ ನಲಿ-ಕಲಿ ಆರಂಭವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಬರೆಯಲು ಸರಳ, ದುಂಡಗಿನ ಆಕಾರ. ಈ ಐದೇ ಅಕ್ಷರಗಳಲ್ಲಿ ಎಷ್ಟು ಸಂಪತ್ತಿದೆ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ. ಸರಸರ ನಡೆ, ಗರಗರ ತಿರುಗು, ದರದರ ಎಳೆ. ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗು ‘ಗರಗಸ’ ಎಂಬ ನಾಲ್ಕಕ್ಷರದ ಪದವನ್ನು ಗಂಭೀರವಾಗಿ ಓದಿ, ಕೈಯಲ್ಲೇ ಮರ ಕೊಯ್ದು ತೋರಿಸುತ್ತದೆ.

ಅಕ್ಷರ ಬರೆದ ಎರಡು ಮಿಂಚುಪಟ್ಟಿಗಳನ್ನು ಅದಲುಬದಲು ಮಾಡಿದರೆ ‘ಸರ’ ಎಂಬುದು ‘ರಸ’ವಾಗುತ್ತದೆ. ಎರಡನೆಯ ಕಂತಿನ ಜ, ವ, ಮ, ಬ, ನ ಬಂದು ಕೂಡಿದ ಮೇಲಂತೂ ಹಬ್ಬ. ‘ನ’ ಪಟ್ಟಿಯನ್ನು ಕದಲಿಸದೆ ಮೊದಲ ಪಟ್ಟಿಯೊಂದನ್ನೇ ಬದಲಿಸಿದರೆ ಜನ, ಮನ, ವನ, ಬನ, ದನ. ಇಂಗ್ಲಿಷ್ ಶಾಲೆಗಳ ಜಾಹೀರಾತಿನಲ್ಲಿ ‘ಫೋನಿಕ್ಸ್’ ಎಂದು ಮೆರೆಯುವ ವಿದ್ಯೆಯ ಹುರುಳು ಇದೇ: ಧ್ವನಿಯನ್ನು ಬಿಡಿಸು, ಜೋಡಿಸು, ಬದಲಿಸು. ಕನ್ನಡಕ್ಕೆ ಇದರಲ್ಲೊಂದು ಅನುಕೂಲವಿದೆ, ಬರೆದಂತೆ ಓದು. ಒಂದು ಕಷ್ಟವೂ ಇದೆ, ಕಾಗುಣಿತ ಮತ್ತು ಒತ್ತಕ್ಷರಗಳ ವಿಸ್ತಾರ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಪುಷ್ಟೀಕರಿಸಿತು: ಕನ್ನಡದ ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಮುಗಿಯುವಂಥದ್ದಲ್ಲ, ಅದು ಮುಂದಿನ ತರಗತಿಗಳಿಗೂ ಹರಿಯುತ್ತದೆ. ಒಂದನೇ ತರಗತಿಯಲ್ಲೇ ಎಲ್ಲವೂ ಬರಲಿಲ್ಲವೆಂದು ತವಕಿಸುವ ತಂದೆತಾಯಿಯರು ಇದನ್ನು ಅರಿತರೆ ಮಕ್ಕಳು ಎಷ್ಟೋ ಹಗುರಾದಾರು.

ಧ್ವನಿಯ ವಿಚಾರದಲ್ಲಿ ಗುಬ್ಬಿಗೆ ತನ್ನದೇ ಕೀರ್ತಿಯಿದೆ. 1884ರಲ್ಲಿ ಸ್ಥಾಪನೆಯಾಗಿ ಮುಂದೆ ಗುಬ್ಬಿ ವೀರಣ್ಣನವರ ಸಾರಥ್ಯದಲ್ಲಿ ನಾಡನ್ನೇ ಬೆರಗುಗೊಳಿಸಿದ ನಾಟಕ ಕಂಪನಿ, ಹಾಡು ಮತ್ತು ಅಭಿನಯಗಳ ಮೂಲಕವೇ ಮಕ್ಕಳ ನಾಲಿಗೆ ತಿದ್ದಿದ ಮಹಾಶಾಲೆ. ಶಾಲೆಯ ಓದು ಹೆಚ್ಚು ಮುಂದುವರಿಯದ ಡಾ. ರಾಜ್‌ಕುಮಾರ್ ಅವರ ಉಚ್ಚಾರಣೆ ಕನ್ನಡಕ್ಕೆ ಮಾದರಿಯಾದುದರ ಹಿಂದೆ ಆ ರಂಗಭೂಮಿಯ ಗರಡಿಯಿದೆ. ಅಭಿನಯಗೀತೆ ಹಾಡಿಸುವ ನಲಿ-ಕಲಿ ಶಿಕ್ಷಕಿಯನ್ನು ಕಂಡಾಗ ಈ ಪರಂಪರೆ ನೆನಪಾಗದೆ ಇರದು. ಧ್ವನಿಯಿಂದ ಅಳತೆಗೆ ಬಂದರೆ, ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕೂದಲೆಳೆಯಷ್ಟು ಅಂತರವೂ ಲೆಕ್ಕಕ್ಕೆ ಬರುವ ಕೆಲಸ ಅಲ್ಲಿಯದು. ಸುತ್ತಲಿನ ಶಾಲೆಗಳಲ್ಲಿ ಅಳತೆಯ ಪಾಠ ಇಂದಿಗೂ ಗೇಣಿನಿಂದ ಆರಂಭವಾಗುತ್ತದೆ. ಮೇಜಿನ ಉದ್ದ ಮಿಸ್‌ನ ಕೈಯಲ್ಲಿ ಆರು ಗೇಣು, ಮಗುವಿನ ಕೈಯಲ್ಲಿ ಒಂಬತ್ತು. ಮೇಜು ಒಂದೇ, ಲೆಕ್ಕ ಏಕೆ ಎರಡು? ಹೂವಾಡಗಿತ್ತಿಯ ಮೊಳ ಅಮ್ಮನ ಮೊಳಕ್ಕಿಂತ ಏಕೆ ಗಿಡ್ಡ? ಈ ಪ್ರಶ್ನೆ ಮಗುವಿನ ಬಾಯಿಂದ ಬಂದ ದಿನ ಸ್ಕೇಲು ಪೆಟ್ಟಿಗೆಯಿಂದ ಹೊರಬರುತ್ತದೆ.

ತುಮಕೂರು ನಗರದ ಚಿತ್ರ ತುಸು ಭಿನ್ನ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಅನ್ನ-ಅಕ್ಷರ ದಾಸೋಹದಿಂದ ಪುನೀತವಾದ ಈ ಊರಿನಲ್ಲಿ ಇಂದು ಬಡಾವಣೆಗೊಂದು ಇಂಗ್ಲಿಷ್ ಶಾಲೆಯಿದೆ. ಮಣಿಚೌಕಟ್ಟು, ಬಣ್ಣದ ಘನಗಳು, ಧ್ವನಿಕಾರ್ಡುಗಳು ಹೇರಳವಾಗಿವೆ. ಸರ್ಕಾರಿ ಶಾಲೆಗಳೂ ಹಿಂದೆ ಬಿದ್ದಿಲ್ಲ. 2021ರ ಜುಲೈ 5ರಂದು ಆರಂಭವಾದ ‘ನಿಪುಣ್ ಭಾರತ್’ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಓದಿ ಗ್ರಹಿಸಬೇಕು, ಲೆಕ್ಕ ಮಾಡಬೇಕು ಎಂಬ ಗುರಿಯನ್ನು 2026-27ಕ್ಕೆ ಇಟ್ಟಿದೆ. ಕೊರೊನಾ ಕಾಲದ ನಷ್ಟವನ್ನು ತುಂಬಲು 2022-23ರಲ್ಲಿ ರಾಜ್ಯ ‘ಕಲಿಕಾ ಚೇತರಿಕೆ’ ನಡೆಸಿತು. 4 ಮತ್ತು 5ನೇ ತರಗತಿಗಳಿಗೆ ಅಕ್ಷರ ಫೌಂಡೇಶನ್ ಸಹಯೋಗದ ‘ಗಣಿತ ಕಲಿಕಾ ಆಂದೋಲನ’ದ ಕಿಟ್ ಬಂದಿದೆ. ಶಾಲೆಗಳ ಮಕ್ಕಳ ಸಂತೆಯಲ್ಲಿ ಸೊಪ್ಪಿನ ಕಟ್ಟು, ನಿಂಬೆಹಣ್ಣು ಮಾರುವ ಪುಟಾಣಿಗಳು ಚಿಲ್ಲರೆ ಎಣಿಸಿ ಕೊಡುವ ಠೀವಿ ನೋಡುವಂಥದ್ದು.

‘ಓದೋಕೆ ಕಳಿಸಿದ್ರೆ ಬರೀ ಆಟ ಆಡಿಸ್ತಾರೆ’ ಎಂಬ ಪೋಷಕರ ಆಕ್ಷೇಪ ಇನ್ನೂ ಕೇಳಿಸುತ್ತದೆ. ಮೂರು ತರಗತಿಗಳನ್ನು ಒಬ್ಬರೇ ನಿಭಾಯಿಸುವ ಶಿಕ್ಷಕಿಗೆ ಹರಿದ ಕಾರ್ಡು, ಕಳೆದ ಕಾರ್ಡುಗಳ ಕಾಟ ದಿನನಿತ್ಯದ್ದು. ಕಾರ್ಡುಗಳು ಸಕಾಲಕ್ಕೆ ಬರಬೇಕು, ಕೊಠಡಿಗೆ ಸಾಕಷ್ಟು ಶಿಕ್ಷಕರಿರಬೇಕು. ಇಷ್ಟು ದೊಡ್ಡ ಸಾಧನೆಯನ್ನು ಇಷ್ಟು ಸಣ್ಣ ಕೊರತೆಗಳು ಕುಗ್ಗಿಸಬಾರದು. ಆಟವನ್ನು ಕಂಡು ಅಸಮಾಧಾನಪಡುವ ಪೋಷಕರಿಗೆ ಒಂದು ಗಂಟೆ ಆ ನೆಲದ ಮೇಲೆ ಕುಳಿತು ನೋಡುವ ಅವಕಾಶ ಸಿಕ್ಕರೆ ಸಾಕು.

ಹಾಗೆ ಕುಳಿತವರಿಗೆ ಕುಣಿಗಲ್ ಕಡೆಯ ಹಳ್ಳಿ ಶಾಲೆಯಲ್ಲಿ ಕಾಣಸಿಗುವ ಒಂದು ದೃಶ್ಯವಿದು. ಈ ಭಾಗದ ಮನೆಮಾತಿನಲ್ಲಿ ‘ಹ’ಕಾರ ಬಹುಮಟ್ಟಿಗೆ ಉದುರಿಹೋಗಿದೆ. ಹಾಲು ‘ಆಲು’, ಹಣ್ಣು ‘ಅಣ್ಣು’. ಹುಡುಗ ಕಡ್ಡಿ ಎಣಿಸುತ್ತಾನೆ: ‘ಎಂಟು, ಒಂಬತ್ತು, ಅತ್ತು.’ ಪಕ್ಕದವಳು ಕಿಸಕ್ಕನೆ ನಗುತ್ತಾಳೆ, ‘ಯಾರು ಅತ್ತಿದ್ದು?’ ಶಿಕ್ಷಕಿ ಗದರುವುದಿಲ್ಲ. ಅಜ್ಜ-ಅಜ್ಜಿ ಆಡುವ ಮಾತು ತಪ್ಪೆಂದು ಹೇಳುವುದೂ ಇಲ್ಲ. ಹಳೆಯ ನೋಟ್‌ಬುಕ್ಕಿನಿಂದ ಬೆರಳಗಲದ ಕಾಗದದ ಪಟ್ಟಿ ಹರಿದು ಅವನ ತುಟಿಯ ಮುಂದೆ ಹಿಡಿಯುತ್ತಾರೆ.

‘ಅ ಅನ್ನು ಪುಟ್ಟ.’

‘ಅ.’ ಕಾಗದ ಅಲುಗದು.

‘ಈಗ ಹ. ಉಸಿರು ಬಿಟ್ಟು ಹೇಳು.’

‘ಹ!’ ಕಾಗದ ಮುಂದಕ್ಕೆ ಹಾರುತ್ತದೆ. ಹುಡುಗನ ಕಣ್ಣುಗಳು ಅರಳುತ್ತವೆ. ಕಾಣದ ಧ್ವನಿ ಈಗ ಕಣ್ಣಿಗೆ ಕಂಡಿದೆ. ‘ಹತ್ತು, ಹತ್ತು, ಹತ್ತು’ ಎಂದು ಹೇಳುತ್ತ ಆತ ಕಾಗದವನ್ನು ಕುಣಿಸುತ್ತಾನೆ. ಗುಂಪಿನವರೆಲ್ಲ ತಮಗೂ ಒಂದೊಂದು ಪಟ್ಟಿ ಬೇಕೆಂದು ಮುಗಿಬೀಳುತ್ತಾರೆ. ಗಂಟೆ ಬಾರಿಸಿದಾಗ ಹತ್ತು ಕಡ್ಡಿಗಳೂ ಕಟ್ಟಾಗಿ ಡಬ್ಬಿ ಸೇರುತ್ತವೆ. ಕಾಗದದ ಪಟ್ಟಿ ಮಾತ್ರ ಚಡ್ಡಿಯ ಜೇಬು ಸೇರುತ್ತದೆ.

‘ಅದ್ಯಾಕೋ?’

‘ನಮ್ಮಜ್ಜಿ ಬಾಯ್ ಮುಂದೆ ಇಡಿದು ನೋಡ್ಬೇಕು, ಮಿಸ್.’