ಬ್ಲಿಟ್ಜ್ ಬಂದಾಗ ಖಾಲಿಯಾಗುವುದು ಎಲ್ಲಿ?

ಅಮೆರಿಕನ್ ಫುಟ್‌ಬಾಲ್‌ನ ವಿಡಿಯೊ ಗೇಮ್ 'ಮ್ಯಾಡನ್ ಎನ್‌ಎಫ್‌ಎಲ್' ಆಡಲು ಕೂತ ಹೊಸಬರು ಮೊದಲ ಸಂಜೆಯೇ ಬೈಯುವುದು ಬ್ಲಿಟ್ಜನ್ನು. ಚೆಂಡು ಕೈಗೆ ಬಂದಿರುತ್ತದೆ, ಯಾರಿಗೆ ಎಸೆಯಲಿ ಎಂದು ಕಣ್ಣಾಡಿಸುವಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಾಗಿರುತ್ತದೆ. ಬೆರಳು ಇನ್ನಷ್ಟು ಚುರುಕಾದರೆ ಸರಿಹೋದೀತು ಎಂದುಕೊಳ್ಳುತ್ತಾರೆ. ಆದರೆ ಇದು ಬೆರಳಿನ ಸಮಸ್ಯೆಯಲ್ಲ, ಲೆಕ್ಕದ ಸಮಸ್ಯೆ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗಾಗಿ ಎರಡು ಮಾತು. ಚೆಂಡಿರುವ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಪಾಸ್ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನನ್ನು ಕಾಯಲು ಐವರು ದಢೂತಿ ಲೈನ್‌ಮನ್‌ಗಳು, ಓಡಿ ಚೆಂಡು ಹಿಡಿಯಲು ಇನ್ನೈವರು, ಒಟ್ಟು ಹನ್ನೊಂದು. ಎದುರು ಪಾಳಯದಲ್ಲೂ ಹನ್ನೊಂದೇ. ಅವರಲ್ಲಿ ಸಾಮಾನ್ಯವಾಗಿ ನಾಲ್ವರು ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುತ್ತಾರೆ, ಏಳು ಮಂದಿ ಹಿಂದೆ ನಿಂತು ಪಾಸ್ ತಡೆಯುತ್ತಾರೆ. ನುಗ್ಗುವವರು ಐದೋ ಆರೋ ಆದರೆ ಅದು ಬ್ಲಿಟ್ಜ್.

ಆರು ಮಂದಿ ನುಗ್ಗಿದರೆ ಗೋಡೆಯಾಗಿರುವ ಐವರಲ್ಲಿ ಒಬ್ಬ ಕಡಿಮೆ ಬೀಳುತ್ತಾನೆ, ಆರನೆಯವನಿಗೆ ಹಾದಿ ಸಲೀಸು. ಆದರೆ ಹಿಂದೆ ಉಳಿದವರು ಐವರೇ. ಓಡುವ ಐವರಿಗೆ ತಲಾ ಒಬ್ಬ ಕಾವಲು, ಮೇಲೊಬ್ಬ ಹೆಚ್ಚುವರಿ ಇಲ್ಲ. ಕ್ರಿಕೆಟ್‌ನಲ್ಲಿ ನಾಯಕ ಮೂರು ಸ್ಲಿಪ್, ಒಂದು ಗಲ್ಲಿ ಇಟ್ಟನೆಂದರೆ ಕವರ್ ಕಡೆ ಜಾಗ ಬಿಟ್ಟೇ ಇರುತ್ತಾನಲ್ಲ, ಹಾಗೆ. ಬ್ಲಿಟ್ಜನ್ನು ಬರಿಯ ಪರಾಕ್ರಮವೆಂದು ಬಣ್ಣಿಸುವ ಟಿವಿ ವಿವರಣೆಕಾರರು ಈ ಕಳೆಯುವ ಲೆಕ್ಕವನ್ನು ಮರೆಸಿಬಿಡುತ್ತಾರೆ.

ಈ ಲೆಕ್ಕ ಗಣಕದ ಆಟದೊಳಗೆ ಬಂದದ್ದಕ್ಕೂ ಒಂದು ಹಟದ ಕಥೆಯಿದೆ. 1980ರ ದಶಕದಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಟ್ರಿಪ್ ಹಾಕಿನ್ಸ್, ಓಕ್‌ಲ್ಯಾಂಡ್ ರೈಡರ್ಸ್ ತಂಡದ ಮಾಜಿ ಕೋಚ್ ಜಾನ್ ಮ್ಯಾಡನ್ ಅವರ ಬಳಿ ಹೋದರು. ವಿಮಾನವೆಂದರೆ ಹೆದರುತ್ತಿದ್ದ ಮ್ಯಾಡನ್ ಜೊತೆ ಮಾತುಕತೆ ನಡೆದದ್ದು ರೈಲಿನಲ್ಲಿ. ಅಂದಿನ ಯಂತ್ರಗಳಿಗೆ ಒಂದೊಂದು ಪಾಳಯದಲ್ಲಿ ಆರೇಳು ಆಟಗಾರರನ್ನು ಓಡಿಸುವುದೇ ಕಷ್ಟ. ಹನ್ನೊಂದು ಜನ ಇಲ್ಲದ ಆಟಕ್ಕೆ ತಮ್ಮ ಹೆಸರು ಬೇಡ ಎಂದರು ಮ್ಯಾಡನ್. ಆಪಲ್ 2 ಗಣಕಕ್ಕೆ ಆಟ ಹೊರಬಂದಾಗ 1988 ಆಗಿತ್ತು. ಅವರು ಹಟ ಹಿಡಿದದ್ದೇ ಒಳ್ಳೆಯದಾಯಿತು. ಏಳೇ ಮಂದಿ ಇದ್ದರೆ ಎಷ್ಟು ಜನರನ್ನು ಕಳಿಸುವುದು, ಎಷ್ಟು ಜನರನ್ನು ಉಳಿಸುವುದು ಎಂಬ ಪ್ರಶ್ನೆಗೇ ಅರ್ಥ ಇರುತ್ತಿರಲಿಲ್ಲ.

ಈಗ ಸಮಯದ ವಿಷಯ. ಆಟ ಶುರುವಾಗುವ ಗೆರೆಯಿಂದ ಕ್ವಾರ್ಟರ್‌ಬ್ಯಾಕ್ ಐದು ಗಜ ಹಿಂದೆ, ನುಗ್ಗುವ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಎರಡನೇ ಸಾಲಿನವನು, ಐದು ಗಜ ಆಚೆ. ನಡುವಿನ ಹತ್ತು ಗಜವನ್ನು ನಿಂತಲ್ಲಿಂದ ಓಡಿ ದಾಟಲು ಒಳ್ಳೆಯ ಆಟಗಾರನಿಗೆ ಸುಮಾರು 1.6 ಸೆಕೆಂಡ್ ಸಾಕು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಕಾಲು ಸೆಕೆಂಡ್ ಬೇಕು, ತೋಳು ಬೀಸಿ ಚೆಂಡು ಬಿಡಲು ಇನ್ನೊಂದಿಷ್ಟು. ಯೋಚನೆಗೆ ಉಳಿಯುವುದು ಹೆಚ್ಚೆಂದರೆ ಒಂದು ಸೆಕೆಂಡ್. ಅಷ್ಟರಲ್ಲಿ ಐವರನ್ನು ನೋಡಿ, ಐದು ಗುಂಡಿಗಳಲ್ಲಿ ಒಂದನ್ನು ಆರಿಸಬೇಕು.

ಬ್ರಿಟನ್ನಿನ ಮನೋವಿಜ್ಞಾನಿ ಹಿಕ್ 1952ರಲ್ಲಿ ತೋರಿಸಿದ್ದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಆಯ್ಕೆಗಳು ಹೆಚ್ಚಿದಂತೆ ಪ್ರತಿಕ್ರಿಯೆ ನಿಧಾನವಾಗುತ್ತದೆ. ಆಯ್ಕೆಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದ ಹೊತ್ತು ಸೇರಿಕೊಳ್ಳುತ್ತದೆ. ಹಾಗಾಗಿ ನುರಿತವರು ಸ್ನ್ಯಾಪ್‌ಗೆ ಮೊದಲೇ, ಅಂದರೆ ಚೆಂಡು ಹಿಂದಕ್ಕೆ ಬರುವ ಮುನ್ನವೇ, ಐದು ಆಯ್ಕೆಗಳನ್ನು ಎರಡಕ್ಕೆ ಇಳಿಸಿಕೊಳ್ಳುತ್ತಾರೆ. ಲೈನ್‌ಬ್ಯಾಕರ್ ಗೆರೆಯತ್ತ ಜರುಗುತ್ತಿದ್ದಾನೆಯೇ? ಎಲ್ಲರಿಗಿಂತ ಹಿಂದೆ ನಿಲ್ಲುವ ಇಬ್ಬರು ಸೇಫ್ಟಿಗಳಲ್ಲಿ ಒಬ್ಬ ಮುಂದೆ ಬಂದನೇ? ಹೌದಾದರೆ ಅವನು ಬಿಟ್ಟುಬಂದ ಜಾಗಕ್ಕೆ ಒಬ್ಬನನ್ನು ಹಾಟ್ ರೂಟ್‌ನಲ್ಲಿ ಕಳಿಸುವುದು, ಎಂದರೆ ಅವನ ಓಟದ ಹಾದಿಯನ್ನು ನಿಂತಲ್ಲೇ ಬದಲಿಸುವುದು. ಎರಡು ಮೂರು ಹೆಜ್ಜೆ ನೇರ ಓಡಿ ಓರೆಯಾಗಿ ಒಳಕ್ಕೆ ತಿರುಗುವ ಸ್ಲ್ಯಾಂಟ್ ಇದಕ್ಕೆ ಹೇಳಿಮಾಡಿಸಿದ್ದು. ಓಡಬೇಕಾದ ರನ್ನಿಂಗ್ ಬ್ಯಾಕ್‌ನನ್ನು ಕಾವಲಿಗೆ ಉಳಿಸಿಕೊಳ್ಳುವುದು ಇನ್ನೊಂದು ದಾರಿ: ಚೆಂಡು ಹಿಡಿಯುವವನೊಬ್ಬ ಕಡಿಮೆಯಾಗುತ್ತಾನೆ, ಬದಲಿಗೆ ಸಮಯ ಸಿಗುತ್ತದೆ.

1985ರ ಶಿಕಾಗೊ ಬೇರ್ಸ್ ತಂಡದ ಮೇಲೆ ಇದೇ ವಿದ್ಯೆ ಫಲಿಸಿತ್ತು. ಬಡ್ಡಿ ರಯಾನ್ ರೂಪಿಸಿದ '46' ರಕ್ಷಣೆಯ ಒತ್ತಡಕ್ಕೆ ಎದುರಾಳಿಗಳು ಸಾಲುಸಾಲಾಗಿ ಕುಸಿದಿದ್ದರು. ಸತತ ಹನ್ನೆರಡು ಪಂದ್ಯ ಗೆದ್ದಿದ್ದ ಬೇರ್ಸ್ ಡಿಸೆಂಬರ್ 2ರಂದು ಮಯಾಮಿಯಲ್ಲಿ 38–24ರಿಂದ ಸೋತಿತು. ಆ ಋತುವಿನಲ್ಲಿ ಅದು ಸೋತದ್ದು ಅದೊಂದೇ ಪಂದ್ಯ. ಮಯಾಮಿ ತಂಡ ಚೆಂಡು ಹಿಡಿಯುವ ಮೂವರು ವೇಗಿಗಳನ್ನು ಇಳಿಸಿ, ಅವರಲ್ಲೊಬ್ಬನನ್ನು ಕಾಯುವ ಕೆಲಸ ನಿಧಾನದ ಆಟಗಾರರ ಪಾಲಿಗೆ ಬರುವಂತೆ ಮಾಡಿತು. ಚೆಂಡನ್ನು ಕಣ್ಣೆವೆಯಿಕ್ಕುವಷ್ಟರಲ್ಲಿ ಕೈಬಿಡುವ ಕ್ವಾರ್ಟರ್‌ಬ್ಯಾಕ್ ಡಾನ್ ಮರೀನೊ ಉಳಿದದ್ದನ್ನು ನೋಡಿಕೊಂಡರು.

ಹಾಗಾದರೆ ಖಾಲಿ ಜಾಗ ಹುಡುಕಿ ಎಸೆದರೆ ಮುಗಿಯಿತೇ? ಇಲ್ಲ. ಸಿನ್ಸಿನಾಟಿ ತಂಡದಲ್ಲಿದ್ದಾಗ ಕೋಚ್ ಡಿಕ್ ಲೆಬೋ ಬೆಳೆಸಿದ ಜೋನ್ ಬ್ಲಿಟ್ಜ್, ಖಾಲಿ ಜಾಗವನ್ನು ಮೊದಲೇ ಊಹಿಸುವ ಈ ವಿದ್ಯೆಯನ್ನೇ ಬಲೆಯಾಗಿಸಿತು. ಒಂದು ಕಡೆಯಿಂದ ಲೈನ್‌ಬ್ಯಾಕರ್ ನುಗ್ಗುತ್ತಾನೆ. ಅದೇ ಹೊತ್ತಿಗೆ, ನುಗ್ಗಬೇಕಿದ್ದ ರಕ್ಷಣಾ ಪಾಳಯದ ದೈತ್ಯ ಲೈನ್‌ಮನ್ ಹಿಂದೆ ಸರಿದು ಸ್ಲ್ಯಾಂಟ್ ಬರುವ ಹಾದಿಯಲ್ಲೇ ನಿಲ್ಲುತ್ತಾನೆ. ಖಾಲಿಯೆಂದು ನಂಬಿ ಎಸೆದ ಚೆಂಡು ನೇರ ಅವನ ಕೈಗೆ.

ಇಲ್ಲಿಂದ ಮುಂದೆ ಆಟ ಗಣಿತಜ್ಞ ಜಾನ್ ವಾನ್ ನಾಯ್‌ಮನ್ ಅವರ ಅಂಗಳಕ್ಕೆ ಹೋಗುತ್ತದೆ. ಇಬ್ಬರು ಎದುರಾಳಿಗಳ ಇಂಥ ಸೆಣಸಾಟದಲ್ಲಿ ಆಯ್ಕೆಗಳನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸುವುದೇ ಸುರಕ್ಷಿತ ದಾರಿ ಎಂದು ಅವರು 1928ರಲ್ಲಿ ಸಾಧಿಸಿದ್ದರು. ಕೇವಲ ಉದಾಹರಣೆಗೆಂದು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಚುಟುಕು ಪಾಸ್‌ಗೆ ಬ್ಲಿಟ್ಜ್ ಎದುರು ಸರಾಸರಿ 8 ಗಜ, ಬ್ಲಿಟ್ಜ್ ಇಲ್ಲದಾಗ 4 ಗಜ. ದೂರದ ಪಾಸ್‌ಗೆ ಬ್ಲಿಟ್ಜ್ ಎದುರು 2 ಗಜ ನಷ್ಟ, ಇಲ್ಲದಾಗ 10 ಗಜ ಲಾಭ. ಲೆಕ್ಕ ಹಾಕಿದರೆ ನೀವು ನಾಲ್ಕರಲ್ಲಿ ಮೂರು ಬಾರಿ ಚುಟುಕಾಗಿ ಎಸೆಯಬೇಕು. ಆಗ ಎದುರಾಳಿ ಏನೇ ಮಾಡಲಿ, ನಿಮಗೆ ಸರಾಸರಿ 5.5 ಗಜ ಖಚಿತ.

ಮಜಾ ಇರುವುದು ಮುಂದೆ. ನೀವು ಅಭ್ಯಾಸ ಮಾಡಿ, ಬ್ಲಿಟ್ಜ್ ಎದುರಿನ ಚುಟುಕು ಪಾಸ್‌ನಲ್ಲಿ 8ರ ಬದಲು 12 ಗಜ ಗಳಿಸುವಷ್ಟು ಪಳಗಿದಿರಿ ಎನ್ನಿ. ಇನ್ನು ಅದನ್ನೇ ಹೆಚ್ಚಾಗಿ ಎಸೆಯಬೇಕು ಅನ್ನಿಸುತ್ತದೆ. ಲೆಕ್ಕ ಹೇಳುವುದು ತದ್ವಿರುದ್ಧ: ಅದರ ಪಾಲು ಶೇ. 75ರಿಂದ 60ಕ್ಕೆ ಇಳಿಯಬೇಕು. ನಿಮ್ಮ ಕೈಚಳಕಕ್ಕೆ ಅಂಜಿದ ಜಾಣ ಎದುರಾಳಿ ಬ್ಲಿಟ್ಜ್ ಕಡಿಮೆ ಮಾಡುತ್ತಾನೆ, ಅಷ್ಟರಮಟ್ಟಿಗೆ ದೂರದ ಪಾಸ್‌ಗೆ ದಾರಿ ತೆರೆಯುತ್ತದೆ. ಸರಾಸರಿಯೂ 6.4 ಗಜಕ್ಕೆ ಏರುತ್ತದೆ.

ಪ್ರಮಾಣ ಗೊತ್ತಿದ್ದರೂ ಬೆರೆಸುವುದು ಮನುಷ್ಯರಿಗೆ ಸುಲಭವಲ್ಲ. ಅರ್ಥಶಾಸ್ತ್ರಜ್ಞರಾದ ಕೆನೆತ್ ಕೊವಾಶ್ ಮತ್ತು ಸ್ಟೀವನ್ ಲೆವಿಟ್ 2009ರಲ್ಲಿ ವೃತ್ತಿಪರ ತಂಡಗಳ ಆಟವನ್ನು ವಿಶ್ಲೇಷಿಸಿದಾಗ, ಕೋಚ್‌ಗಳು ಪಾಸ್ ಮತ್ತು ಓಟಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ಅದಲುಬದಲು ಮಾಡುತ್ತಾರೆಂದು ಕಂಡುಬಂತು. ಒಮ್ಮೆ ಮಾಡಿದ್ದನ್ನು ಮರುಕ್ಷಣವೇ ಮಾಡಲು ಅಳುಕು. ಮಂಚದ ಮೇಲೆ ಕೂತು ಕಂಟ್ರೋಲರ್ ಒತ್ತುವವರೂ ಹೀಗೇ. ಇದಕ್ಕೊಂದು ಸುಲಭ ಉಪಾಯವೆಂದರೆ ಪರದೆಯ ಮೂಲೆಯಲ್ಲಿರುವ ಪಂದ್ಯದ ಗಡಿಯಾರ. ಆಟ ಆರಿಸುವ ಹೊತ್ತಿಗೆ ಸೆಕೆಂಡುಗಳು 45ಕ್ಕಿಂತ ಕಡಿಮೆ ಇದ್ದರೆ ಚುಟುಕು, ಇಲ್ಲವಾದರೆ ದೂರ. ನಾಲ್ಕರಲ್ಲಿ ಮೂರರ ಪ್ರಮಾಣ ಹೆಚ್ಚುಕಡಿಮೆ ತಾನಾಗಿ ಸಿಗುತ್ತದೆ. ಎದುರಾಳಿಯ ಪರದೆಯ ಮೇಲೂ ಅದೇ ಗಡಿಯಾರ ಓಡುತ್ತಿರುತ್ತದೆ, ನಿಜ. ನಿಮ್ಮ ನಿಯಮ ಮಾತ್ರ ಅವನಿಗೆ ಗೊತ್ತಿರುವುದಿಲ್ಲ.