ಟನ್ನಿನ ಲೆಕ್ಕ, ಲೀಟರಿನ ಲೆಕ್ಕ

ನಸುಕಿನಲ್ಲಿ ಮಲ್ಪೆ ಮೀನುಗಾರಿಕೆ ಬಂದರಿಗೆ ಹೋದವರು ಮೊದಲು ಕಾಲು ಕಾಪಾಡಿಕೊಳ್ಳಬೇಕು. ನೆಲದ ತುಂಬ ಕರಗಿದ ಐಸಿನ ನೀರು, ಮೀನಿನ ಲೋಳೆ, ಎಳೆದೊಯ್ದ ಬುಟ್ಟಿಗಳ ಗೀರು. ‘ಸೈಡ್, ಸೈಡ್’ ಎಂಬ ಕೂಗು ಕಿವಿಗೆ ಬೀಳುವುದರೊಳಗೆ ಬುಟ್ಟಿಯೇ ಮೊಣಕಾಲಿಗೆ ತಾಗಿರುತ್ತದೆ. ದಕ್ಕೆಯಲ್ಲಿ ಬೋಟುಗಳು ಒಂದರ ಪಕ್ಕೆಗೆ ಇನ್ನೊಂದು ಹಗ್ಗ ಬಿಗಿದುಕೊಂಡು ಸಾಲಾಗಿ ನಿಂತಿವೆ. ಹುಡುಗರು ಒಂದರಿಂದ ಇನ್ನೊಂದಕ್ಕೆ ಬರಿಗಾಲಲ್ಲಿ ನೆಗೆಯುತ್ತಾ ಓಡಾಡುತ್ತಾರೆ.

ಆಳಸಮುದ್ರಕ್ಕೆ ಹೋಗಿ ಬಂದ ಟ್ರಾಲ್‌ಬೋಟೊಂದರ ಐಸ್ ಕೋಣೆಯ ಮುಚ್ಚಳ ತೆರೆದಿದೆ. ಒಳಗಿಳಿದವನ ತಲೆ ಮಾತ್ರ ಕಾಣುತ್ತದೆ. ಅವನು ಸಲಿಕೆಯಲ್ಲಿ ಐಸು ಸರಿಸಿ ಬುಟ್ಟಿ ತುಂಬಿಸುತ್ತಾನೆ, ಮೇಲಿನವನು ಎಳೆದು ದಡಕ್ಕೆ ದಾಟಿಸುತ್ತಾನೆ. ನಡುವೆ ಮಾತು ಬಂದರೆ ಒಡಿಯಾ, ಇಲ್ಲವೇ ತೆಲುಗು. ಬೋಟು ನಡೆಸುವ ತಾಂಡೇಲ ಬೈಯುವುದು ಮಾತ್ರ ತುಳುವಿನಲ್ಲಿ. ಅದಕ್ಕೆ ಅನುವಾದ ಬೇಕಾದವರು ಬೋಟಿನಲ್ಲಿ ಯಾರೂ ಉಳಿದಿಲ್ಲ.

ರಾಶಿ ಬಿದ್ದಲ್ಲಿ ಹೆಂಗಸರು ಮಣೆ ಹಾಕಿ ಕೂತುಬಿಡುತ್ತಾರೆ. ಅವರ ಬೆರಳಿಗೆ ಕಣ್ಣಿದೆ. ಬೊಂಡಾಸು ಒಂದು ಕಡೆ, ರಾಣಿ ಮೀನು ಇನ್ನೊಂದು ಕಡೆ, ಉದ್ದದ ಪಾಂಬೋಲು ಬೇರೆಯೇ ಬುಟ್ಟಿಗೆ. ದೊಡ್ಡ ಅಂಜಲು ಸಿಕ್ಕರೆ ರಾಶಿಗೆ ಸೇರುವುದೇ ಇಲ್ಲ, ಅದು ನೇರ ತಕ್ಕಡಿಗೆ. ಬುಟ್ಟಿಗಳು ತುಂಬಿದ ಮೇಲೂ ನೆಲದಲ್ಲಿ ಒಂದು ಗುಡ್ಡೆ ಉಳಿದಿರುತ್ತದೆ: ಬೆರಳುದ್ದದ ರಾಣಿ ಮೀನು, ಉಗುರಿನಷ್ಟು ಏಡಿ, ಹೊಟ್ಟೆ ಒಡೆದ ಸಣ್ಣ ಬಂಗುಡೆ, ಜೊತೆಗೆ ಕಪ್ಪು ಮೈಯ, ದಪ್ಪ ಚರ್ಮದ ‘ಕಾರ್ಗಿಲ್’ ಮೀನು. ಕಾರ್ಗಿಲನ್ನು ಇಲ್ಲಿ ಯಾರೂ ಸಾರಿಗೆ ಹಾಕುವುದಿಲ್ಲ. ಗುಡ್ಡೆಯನ್ನು ಸಲಿಕೆಯಿಂದಲೇ ಲಾರಿಗೆ ತುಂಬುತ್ತಾರೆ, ಲಾರಿ ಫಿಶ್‌ಮಿಲ್ಲಿಗೆ ಹೋಗುತ್ತದೆ. ಅಲ್ಲಿ ಅದು ಹುಡಿಯಾಗಿ, ಎಣ್ಣೆಯಾಗಿ, ಯಾವುದೋ ಕೆರೆಯ ಸಾಕು ಸಿಗಡಿಗೆ ಆಹಾರವಾಗುತ್ತದೆ.

ಇನ್ನೊಂದು ವರ್ಷ ಬಿಟ್ಟಿದ್ದರೆ ಅದೇ ರಾಣಿ ಮೀನು ಬುಟ್ಟಿಗೆ ಬಂದು ಹತ್ತಾರು ಪಟ್ಟು ದುಡ್ಡು ತರುತ್ತಿತ್ತು. ಬಲೆಯ ಬಾಲಕ್ಕೆ 35 ಮಿಲಿಮೀಟರ್ ಚೌಕ ಕಣ್ಣು ಇರಬೇಕೆಂಬ ನಿಯಮ ಇದೆ. ಅದು ಎಷ್ಟು ನಡೆಯುತ್ತದೆ ಎಂಬುದಕ್ಕೆ ಈ ಗುಡ್ಡೆಗಿಂತ ಬೇರೆ ಸಾಕ್ಷಿ ಬೇಡ.

ಇದು ಮಲ್ಪೆಯ ಕಥೆ ಮಾತ್ರವಲ್ಲ. ಗುಜರಾತಿನ ವೆರಾವಲ್, ಮುಂಬೈಯ ಸಸೂನ್ ಡಾಕ್, ಕೊಲ್ಲಂನ ನೀಂಡಕರ, ಎಲ್ಲಿ ಹೋಗಿ ನಿಂತರೂ ಇಂಥದೇ ರಾಶಿ, ಇಂಥದೇ ಗುಡ್ಡೆ. 2016ರ ಕಡಲ ಮೀನುಗಾರಿಕೆ ಗಣತಿಯಲ್ಲಿ ದೇಶದ ದೋಣಿ, ಬೋಟು ಎಲ್ಲ ಸೇರಿ 1,66,333. ಅವುಗಳಲ್ಲಿ ಯಾಂತ್ರೀಕೃತ ಬೋಟುಗಳು 42,985, ಅಂದರೆ ನಾಲ್ಕರಲ್ಲಿ ಒಂದು. ಆದರೆ ದಡಕ್ಕೆ ಬರುವ ಮೀನಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಇವುಗಳದೇ. ಎಂಜಿನ್ನೇ ಇಲ್ಲದ, ಹುಟ್ಟು ಹಾಕುವ ದೋಣಿಗಳು 2010ರಲ್ಲಿ ಐವತ್ತು ಸಾವಿರ ದಾಟಿದ್ದವು; ಆರೇ ವರ್ಷದಲ್ಲಿ ಅವು ಅರ್ಧಕ್ಕಿಳಿದವು. ನಮ್ಮ ಕರಾವಳಿ ಈ ಪಾಠವನ್ನು ಮೊದಲೇ ಓದಿದೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದ ನಡುವೆ ಪರ್ಸೀನ್ ಬೋಟು ಬಂದ ಮೇಲೆ ಹೆಚ್ಚು ಕಾಲ ಬಾಳಲಿಲ್ಲ.

ಬೋಟು ದೊಡ್ಡದಾಯಿತು, ಎಂಜಿನ್ನಿನ ಕುದುರೆ ಬಲ ಏರಿತು, ಒಂದು ದಿನದ ಓಡಾಟ ಹತ್ತು ದಿನದ್ದಾಯಿತು. ಹಾಗಾದರೆ ಮೀನು? ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ದೇಶದಲ್ಲಿ ದಡಕ್ಕೆ ಬಂದ ಕಡಲ ಮೀನಿನ ಅಂದಾಜನ್ನು ವರ್ಷವರ್ಷವೂ ಕೊಡುತ್ತದೆ. 2012ರಲ್ಲಿ 39.4 ಲಕ್ಷ ಟನ್. ಕೊರೊನಾದ 2020ರಲ್ಲಿ 27.3 ಲಕ್ಷಕ್ಕೆ ಕುಸಿತ. 2024ರಲ್ಲಿ 34.7 ಲಕ್ಷ. ಹನ್ನೆರಡು ವರ್ಷದ ಏರಿಳಿತವೆಲ್ಲ ಮುಗಿದ ಮೇಲೂ 2012ರ ಮಟ್ಟ ಮತ್ತೆ ಮುಟ್ಟಿಲ್ಲ. ಒಳಗಿನ ಕುಣಿತವಂತೂ ಇನ್ನೂ ಜೋರು: ಪಕ್ಕದ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬಂದಿದ್ದ ಬೂತಾಯಿ ಮೀನು 2021ರಲ್ಲಿ ಮೂರು ಸಾವಿರ ಟನ್ ಚಿಲ್ಲರೆಗೆ ಇಳಿದು, ಮತ್ತೆ ಲಕ್ಷದ ಮೇಲೆ ಎದ್ದಿದೆ. ಕಡಲನ್ನು ನಂಬಿ ಬ್ಯಾಂಕಿನ ಕಂತು ಕಟ್ಟುವವನ ಎದೆ ಎಷ್ಟು ಗಟ್ಟಿ ಇರಬೇಕು ಯೋಚಿಸಿ.

ದುಡ್ಡಿನ ಕಡೆ ಬಂದರೆ ಚಿತ್ರ ಮೇಲ್ನೋಟಕ್ಕೆ ಚೆನ್ನಾಗಿಯೇ ಇದೆ. ಅದೇ ಸಂಸ್ಥೆಯ ಪ್ರಕಾರ 2019ರಲ್ಲಿ ದೇಶದ ದಕ್ಕೆಗಳಲ್ಲಿ ಮಾರಾಟವಾದ ಮೀನಿನ ಬೆಲೆ 60,881 ಕೋಟಿ ರೂಪಾಯಿ. ಅದೇ ಮೀನು ಮಾರುಕಟ್ಟೆಯ ಹಲಗೆ ಮುಟ್ಟುವಾಗ 92,356 ಕೋಟಿ. ಗಿರಾಕಿ ಕೊಟ್ಟ ನೂರು ರೂಪಾಯಿಯಲ್ಲಿ ಅರವತ್ತಾರು ದಕ್ಕೆಗೆ ಬಂತು ಅನ್ನಿ. ಟೊಮೆಟೊ ಬೆಳೆಯುವ ರೈತ ಕೇಳಿದರೆ ಹೊಟ್ಟೆ ಉರಿದುಕೊಂಡಾನು. ರಫ್ತಿನ ಸುದ್ದಿಯೂ ಆಗಾಗ ಪತ್ರಿಕೆಯಲ್ಲಿ ಮಿಂಚುತ್ತದೆ: 2023-24ರಲ್ಲಿ 60,523 ಕೋಟಿ ರೂಪಾಯಿ. ಅದರಲ್ಲಿ ನಲವತ್ತು ಸಾವಿರ ಕೋಟಿ ಶೈತ್ಯೀಕರಿಸಿದ ಸಿಗಡಿಯದು, ಆ ಸಿಗಡಿಯಲ್ಲಿ ಬಹುಪಾಲು ಆಂಧ್ರದಂಥ ಕಡೆಯ ಕೊಳಗಳದು. ಬೋಟಿನವರ ಸಾಧನೆ ಎಂದು ಅದನ್ನು ಹಾಡಿ ಹೊಗಳುವಂತಿಲ್ಲ.

ಆ ಅರವತ್ತಾರು ರೂಪಾಯಿ ದಕ್ಕೆಯಲ್ಲಿ ಉಳಿಯುತ್ತದೆಯೇ? ಹರಾಜು ಮುಗಿದ ಮೇಲೆ ಬೋಟಿನ ಧಣಿಗಳ ಜೊತೆ ಒಂದು ಚಾ ಕುಡಿದರೆ ಗೊತ್ತಾಗುತ್ತದೆ. ‘ಡೀಸೆಲಿಗೆ ದುಡಿಯುವುದು ಮಾರಾಯ್ರೆ’ ಎಂಬ ಮಾತು ಇಲ್ಲಿ ‘ಆರಾಮಾ’ ಎಂಬುದಕ್ಕೆ ಕೊಡುವ ಉತ್ತರದಷ್ಟೇ ಮಾಮೂಲು. ಟ್ರಾಲ್‌ಬೋಟಿನ ಓಡಾಟದ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಡೀಸೆಲಿನದು. ಐದು ಸಾವಿರ ಲೀಟರ್ ತುಂಬಿಸಿ ಹೊರಟರೆ, ಮೊದಲ ಮೀನು ಬಲೆಗೆ ಬೀಳುವ ಮುಂಚೆಯೇ ನಾಲ್ಕು ಲಕ್ಷದ ಮೇಲೆ ಸಾಲ. ಐಸು, ರೇಷನ್, ಬಲೆಯ ರಿಪೇರಿ ಆಮೇಲಿನದು. ಬೋಟಿನಲ್ಲಿ ದುಡಿಯುವ ಕಲಾಸಿಗಳದ್ದು ಹೆಚ್ಚಾಗಿ ಪಾಲಿನ ಲೆಕ್ಕವಾದ್ದರಿಂದ ಬೋಟು ಖಾಲಿ ಬಂದರೆ ಅವರ ಜೇಬೂ ಖಾಲಿ. ಮೀನು ದೂರ ಸರಿದಷ್ಟೂ ಎಂಜಿನ್ ದೊಡ್ಡದು ಬೇಕು. ಎಂಜಿನ್ ದೊಡ್ಡದಾದಷ್ಟೂ ಬಲೆ ಹೆಚ್ಚು ಹೊತ್ತು ಎಳೆಯಲೇಬೇಕು. ಮರಿ ಮೀನಿನ ಆ ಗುಡ್ಡೆ ಬೆಳೆಯುವುದು ಇಲ್ಲಿಂದಲೇ. ಡೀಸೆಲಿನ ಸಾಲಕ್ಕೆ ಅದೂ ಒಂದಿಷ್ಟು ದುಡ್ಡು.

ಸರಕಾರ ಸುಮ್ಮನೆ ಕೂತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದಕ್ಕೆ 2017ರಲ್ಲೇ ನಿಷೇಧ. ಇನ್ನೊಂದು ಕೈಯಲ್ಲಿ ಅದೇ ಸರಕಾರ ತೆರಿಗೆ ಇಲ್ಲದ ಡೀಸೆಲ್ ಕೊಡುತ್ತದೆ. 2023ರ ಜುಲೈ ಬಜೆಟ್ಟಿನಲ್ಲಿ ಕರ್ನಾಟಕ ಅದರ ಮಿತಿಯನ್ನು ಒಂದೂವರೆ ಲಕ್ಷದಿಂದ ಎರಡು ಲಕ್ಷ ಕಿಲೋಲೀಟರಿಗೆ ಏರಿಸಿತು. ನಿಲ್ಲಿಸಿ ಎನ್ನುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ, ಇಂದಿಗೆ ನಿಲ್ಲಿಸಿದರೆ ಮೊದಲು ಮುಳುಗುವವರು ಬೋಟಿನ ಹುಡುಗರೇ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಮೀನುಗಾರಿಕೆ ಸಬ್ಸಿಡಿಯ ಮಾತು ಬಂದಾಗ ಭಾರತ 25 ವರ್ಷದ ಕಾಲಾವಕಾಶ ಕೇಳಿರುವುದೂ ಇದಕ್ಕೇ. ಆ ಬೇಡಿಕೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ 25 ವರ್ಷದಲ್ಲಿ ಏನು ಮಾಡುತ್ತೇವೆ ಎಂಬುದನ್ನು ಯಾವ ಲೆಕ್ಕದಿಂದ ಅಳೆಯುವುದು?

ಯಾವ ಮೀನು, ಯಾವ ರಾಜ್ಯ, ಎಷ್ಟು ಟನ್ ಎಂಬುದು ಪ್ರತಿ ವರ್ಷ ಅಚ್ಚಾಗುತ್ತದೆ. ಅಷ್ಟು ಮೀನಿಗೆ ಎಷ್ಟು ಡೀಸೆಲ್ ಉರಿಯಿತು ಎಂಬುದು ಅದರ ಪಕ್ಕದಲ್ಲಿ ಇರುವುದಿಲ್ಲ. ತೆರಿಗೆರಹಿತ ಡೀಸೆಲ್ ಬೋಟುಗಳಿಗೆ ಕೋಟಾ ಪ್ರಕಾರವೇ ಸಿಗುವುದು. ಹೊರಗೆ ಕೊಂಡದ್ದನ್ನು ಬಿಟ್ಟರೂ ದೊಡ್ಡ ಪಾಲಿನ ದಾಖಲೆ ಮೀನುಗಾರಿಕೆ ಇಲಾಖೆಯ ಕೈಯಲ್ಲೇ ಇದೆ. ಲೀಟರಿಗೆ ಎಷ್ಟು ಕಿಲೋ ಮೀನು ಬಂತು ಎಂಬ ಒಂದು ಅಂಕಿಯನ್ನು ಇಲಾಖೆ ಮುಂದಿನ ವಾರ್ಷಿಕ ವರದಿಯಲ್ಲಾದರೂ ಬಂದರುವಾರು ಹಾಕಲಿ.